ನಾಗಪುರದ ಅರಮನೆಯಲ್ಲಿ ಒಂದು ಸಾವು, ಹೆದ್ದಾರಿ 44ರಲ್ಲಿ ಹಲವು

ಈ ವಾರದ ಮಾತನ್ನು ಓದೋದಕ್ಕೆ ಅನುಕೂಲ ಆಗಲಿ ಅಂತ ಇಲ್ಲಿ ಬರಹದ ರೂಪದಲ್ಲಿ ಹಾಕ್ತಿದ್ದೀನಿ. ವಿಡಿಯೋದಲ್ಲಿ ಸಮಯ ಸಾಲದೆ ಬಿಟ್ಟಿದ್ದ ಕೆಲವು ವಿವರಗಳನ್ನು ಸೇರಿಸಿದ್ದೀನಿ. ಮಾತಿನ ಮಧ್ಯೆ ಬರೋ ನನ್ನ "ಆಮೇಲೆ ಏನಾಯ್ತಪ್ಪ ಅಂದ್ರೆ" ಅನ್ನೋದನ್ನ ಆದಷ್ಟು ತೆಗೆದಿದ್ದೀನಿ.

ತೊಂಬತ್ತರ ದಶಕದಲ್ಲಿ ಬೆಂಗಳೂರಲ್ಲಿ ಬೆಳೆದವರಿಗೆ "ನಾಳೆ ಬಾ" ಅಂದ್ರೆ ಸಾಕು, ಎಲ್ಲಾ ನೆನಪಾಗುತ್ತೆ. ರಾತ್ರಿ ಬಂದು ಬಾಗಿಲು ತಟ್ಟೋ ದೆವ್ವ, ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದ ಆ ಎರಡು ಪದ, ಅದನ್ನು ಓದಿ ವಾಪಸ್ ಹೋಗೋ ವಿಧೇಯ ದೆವ್ವ! ನಮ್ಮ ಮನೆಗಳಲ್ಲಿ ಅಕ್ಕಂದಿರು "ತುಳಸಿದಳ" ಓದಿ ದೀಪ ಆರಿಸೋಕೆ ಹೆದರ್ತಿದ್ದ ಕಾಲ. ಈಗ ನಾಗಪುರದ ಮಿಹಾನ್‌ನಲ್ಲೋ, ಪುಣೆಯಲ್ಲೋ, ಹೈದರಾಬಾದಿನಲ್ಲೋ ಕೆಲಸ ಮಾಡೋ ನಿಮ್ಮಲ್ಲಿ ಹಲವರು ರಾತ್ರಿ ಪಾಳಿ ಮುಗಿಸಿ ಬಂದು ಹಾರರ್ ಸಿನಿಮಾ ನೋಡ್ತೀರಿ ಅಂತ ಗೊತ್ತು. ಪೋ ಕಥೆಗಳ ಬಗ್ಗೆ, ಗೋಥಿಕ್ ಕಥೆಗಳ ಬಗ್ಗೆ ಮಾತಾಡಿ ಅಂತ ಕೇಳಿದ್ದೀರಿ. ಮಾತಾಡ್ತೀನಿ. ಆದರೆ ಹಳೇ ಇಂಗ್ಲಿಷ್ ಕೋಟೆಯಿಂದ ಶುರು ಮಾಡಲ್ಲ, ನಾಗಪುರದ ಮಹಾಲ್ ಬಡಾವಣೆಯಿಂದ ಶುರು ಮಾಡ್ತೀನಿ. ಯಾಕಂದ್ರೆ ಗೋಥಿಕ್ ಕಥೆಗಾರರು ಕಷ್ಟಪಟ್ಟು ಕಲ್ಪಿಸಿಕೊಂಡಿದ್ದೆಲ್ಲ ಅಲ್ಲಿ ನಿಜವಾಗಿ ನಡೆದಿದೆ: ದುರ್ಬಲ ರಾಜ, ಹತ್ತಿರದ ಸಂಬಂಧಿಯೇ ಆದ ಶತ್ರು, ಬೀಗ ಹಾಕಿದ ಖಜಾನೆ, ರಾತ್ರಿಯ ಕೊಲೆ, ವೇಷ ಮರೆಸಿ ಓಡಿಹೋದ ಕೊಲೆಗಾರ, ಕೊನೆಗೆ ಸುಟ್ಟುಹೋದ ಅರಮನೆ.

ಮಹಾಲ್‌ಗೆ ಹೋದರೆ ಈಗ ಬಟ್ಟೆ ಅಂಗಡಿ, ಬೈಕ್‌ಗಳ ಗದ್ದಲ. ಅಲ್ಲಿ ಭೋಸ್ಲೆಗಳ ಕಪ್ಪು ಕಲ್ಲಿನ ದೊಡ್ಡ ಅರಮನೆ ಇತ್ತು. ಮರದ ಕೆತ್ತನೆಗೆ ಹೆಸರಾಗಿತ್ತು. 1864ರಲ್ಲಿ ಬೆಂಕಿ ಬಿದ್ದು ಅರಮನೆ ಹೋಯಿತು, ಉಳಿದದ್ದು ನಗಾರಖಾನೆಯ ಹೆಬ್ಬಾಗಿಲು. ನಮ್ಮ ಕಥೆ ಆ ಬೆಂಕಿಗಿಂತ ಅರ್ಧ ಶತಮಾನ ಹಿಂದಿನದು.

ನಾಗಪುರವನ್ನು ಊರಾಗಿ ಕಟ್ಟಿದ್ದು ಗೊಂಡ ರಾಜ ಭಕ್ತ ಬುಲಂದ ಶಾಹ, ಹದಿನೆಂಟನೇ ಶತಮಾನದ ಶುರುವಿನಲ್ಲಿ. ಅವನ ವಂಶದ ಜಗಳ ಬಗೆಹರಿಸೋಕೆ ಬಂದ ಮರಾಠ ರಘೂಜಿ ಭೋಸ್ಲೆ ಅಲ್ಲೇ ಉಳಿದುಬಿಟ್ಟ. (ಜಗಳ ಬಿಡಿಸೋಕೆ ಬಂದವರು ಮನೆಯಲ್ಲೇ ಉಳಿದುಬಿಡೋದು ನಮ್ಮ ಇತಿಹಾಸದಲ್ಲಿ ಪದೇ ಪದೇ ಬರುತ್ತೆ, ಗಮನಿಸಿ.) ಅವನ ಮೊಮ್ಮಗ ಎರಡನೇ ರಘೂಜಿ. 1803ರಲ್ಲಿ ಅಸ್ಸಾಯೆ, ಅರಗಾಂವ್ ಯುದ್ಧಗಳಲ್ಲಿ ಇಂಗ್ಲಿಷರಿಗೆ ಸೋತು ಕಟಕ್ ಪ್ರಾಂತ್ಯ ಕಳೆದುಕೊಂಡವನು ಇವನೇ. ಆದರೂ ಕಂಪನಿಯ ಸೈನ್ಯವನ್ನು ತನ್ನ ಖರ್ಚಿನಲ್ಲಿ ಇಟ್ಟುಕೊಳ್ಳೋ ಒಪ್ಪಂದಕ್ಕೆ ಸಾಯೋವರೆಗೂ ಸಹಿ ಹಾಕಲಿಲ್ಲ. ಸತ್ತಿದ್ದು 1816ರ ಮಾರ್ಚ್ 22.

ಅವನ ಮಗ ಪರಸೋಜಿ. ಕಣ್ಣು ಕಾಣುತ್ತಿರಲಿಲ್ಲ, ದೇಹಕ್ಕೆ ಪಾರ್ಶ್ವವಾಯು ಹೊಡೆದಿತ್ತು, ಬುದ್ಧಿಯೂ ನೆಟ್ಟಗಿರಲಿಲ್ಲ ಅಂತ ಇಂಗ್ಲಿಷ್ ದಾಖಲೆಗಳು ಹೇಳುತ್ತವೆ. ಈ ಕೊನೆಯ ಮಾತಿಗೆ ಆಮೇಲೆ ಬರ್ತೀನಿ. ಅವನನ್ನು ನೋಡಿಕೊಂಡವಳು ಬಾಕಾಬಾಯಿ, ರಘೂಜಿಯ ವಿಧವೆ, ಪರಸೋಜಿಗೆ ಮಲತಾಯಿ. ಆ ಕಡೆ ಜನ ಬಂಕಾಬಾಯಿ ಅಂತಲೂ ಕರೀತಾರೆ. ಖಜಾನೆಯ ಕೀಲಿ ಇದ್ದದ್ದು ಅವಳ ಪಕ್ಷದ ಧರ್ಮಾಜಿ ಭೋಸ್ಲೆ ಕೈಯಲ್ಲಿ. ಎದುರು ಪಕ್ಷದಲ್ಲಿ ನಿಂತವನು ಪರಸೋಜಿಯ ಚಿಕ್ಕಪ್ಪನ ಮಗ ಮುಧೋಜಿ. ಎಲ್ಲರೂ ಕರೆಯೋದು ಅಪ್ಪಾ ಸಾಹೇಬ್. ಇಪ್ಪತ್ತರ ಯುವಕ. ಪರಸೋಜಿಗೆ ಏನಾದರೂ ಆದರೆ ಮುಂದಿನ ಹಕ್ಕುದಾರ ಅವನೇ.

ಇನ್ನು ನಾಲ್ಕನೆಯ ಪಾತ್ರಧಾರಿ, ಕಂಪನಿಯ ರೆಸಿಡೆಂಟ್ ರಿಚರ್ಡ್ ಜೆಂಕಿನ್ಸ್. ಸೀತಾಬರ್ಡಿ ಗುಡ್ಡದ ಪಕ್ಕ ಅವನ ಬಂಗಲೆ. ಸೀತಾಬರ್ಡಿ ಅಂದ್ರೆ ನೀವು ಮೆಟ್ರೋ ಬದಲಾಯಿಸೋ ಜಾಗ.

ರಘೂಜಿ ಸತ್ತ ಕೆಲವೇ ವಾರಗಳಲ್ಲಿ ಅಪ್ಪಾ ಸಾಹೇಬ್ ಧರ್ಮಾಜಿಯನ್ನು ಸೆರೆ ಹಿಡಿಸಿದ, ಖಜಾನೆ ಕೈಗೆ ತೆಗೆದುಕೊಂಡ, ಆಮೇಲೆ ಅವನನ್ನು ಕೊಲ್ಲಿಸಿದ. ಪರಸೋಜಿಯನ್ನು ಗದ್ದಿಗೆ ಮೇಲೆ ಕೂರಿಸಿ ತಾನು ರಾಜಪ್ರತಿನಿಧಿ ಆದ. ಅರಮನೆಯೊಳಗೆ ಬಾಕಾಬಾಯಿಯ ಜನ, ದರ್ಬಾರಿನಲ್ಲಿ ಹಳೇ ಮಂತ್ರಿಗಳು, ಎಲ್ಲರೂ ಅವನ ವಿರುದ್ಧ. ಹಾಗಾಗಿ ಹೊರಗಿನ ಬಲ ಬೇಕಾಯ್ತು. 1816ರ ಮೇ ತಿಂಗಳ ಕೊನೆಯಲ್ಲಿ, ರಘೂಜಿ ಜೀವನವಿಡೀ ತಳ್ಳಿಕೊಂಡು ಬಂದ ಆ ಸೈನ್ಯದ ಒಪ್ಪಂದಕ್ಕೆ ಅಪ್ಪಾ ಸಾಹೇಬ್ ಸಹಿ ಹಾಕಿದ. ಸಹಿ ಅವನದು, ರಾಜ್ಯ ಪರಸೋಜಿಯದು.

ಇಲ್ಲಿ ಒಂದು ನಿಮಿಷ ನಿಲ್ಲಿ. ಈ ಸಹಿಯಾಗಿ ಕೆಲವೇ ವಾರಕ್ಕೆ, ಜೂನ್ 1816ರಲ್ಲಿ, ಸ್ವಿಟ್ಜರ್‌ಲೆಂಡಿನ ಜಿನೀವಾ ಸರೋವರದ ದಂಡೆಯ ಒಂದು ಮನೆಯಲ್ಲಿ ಮಳೆಗೆ ಸಿಕ್ಕಿಹಾಕಿಕೊಂಡ ಐದು ಜನ ಇಂಗ್ಲಿಷರು ದೆವ್ವದ ಕಥೆ ಓದುತ್ತಾ ಕೂತಿದ್ದರು. ಹಿಂದಿನ ವರ್ಷ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದು, ಯುರೋಪಿನಲ್ಲಿ ಆ ವರ್ಷ ಬೇಸಿಗೆಯೇ ಬರಲಿಲ್ಲ. ನಾವೂ ಒಂದೊಂದು ಕಥೆ ಬರೆಯೋಣ ಅಂತ ಪಂದ್ಯ ಕಟ್ಟಿದರು. ಹದಿನೆಂಟು ವರ್ಷದ ಮೇರಿ ಬರೆಯಲು ಶುರು ಮಾಡಿದ್ದು "ಫ್ರಾಂಕೆನ್‌ಸ್ಟೈನ್". ವೈದ್ಯ ಪಾಲಿಡೊರಿ ಅದೇ ಪಂದ್ಯದ ಬೆನ್ನಲ್ಲೇ ಬರೆದದ್ದು "ದಿ ವ್ಯಾಂಪೈರ್", ಇಂದಿನ ರಕ್ತಪಿಶಾಚಿ ಸಿನಿಮಾಗಳ ಅಜ್ಜ. ಮೇರಿ ಹಸ್ತಪ್ರತಿ ತಿದ್ದುತ್ತಾ ಕೂತಿದ್ದ ಚಳಿಗಾಲದಲ್ಲೇ ನಾಗಪುರದ ಈ ಸಾವು ಆಯ್ತು.

1817ರ ಫೆಬ್ರವರಿ 1, ಬೆಳಿಗ್ಗೆ. ಪರಸೋಜಿ ಹಾಸಿಗೆಯಲ್ಲಿ ಸತ್ತಿದ್ದ.

ಅಪ್ಪಾ ಸಾಹೇಬ್ ಊರಲ್ಲೇ ಇರಲಿಲ್ಲ. ಕೆಲವು ದಿನ ಮೊದಲು ಚಂದಾಕ್ಕೆ, ಅಂದ್ರೆ ಇಂದಿನ ಚಂದ್ರಪುರಕ್ಕೆ, ಹೋಗಿದ್ದ. ಪತ್ತೇದಾರಿ ಕಾದಂಬರಿ ಓದುವವರಿಗೆ ಈ ಹಂತದಲ್ಲೇ ಮೂಗು ಅರಳುತ್ತೆ. ಪರಸೋಜಿಯ ಹೆಂಡತಿ ಕಾಶೀಬಾಯಿ ಸಹಗಮನ ಮಾಡಿದಳು. ಆ ಕೋಣೆಯ ಗುಟ್ಟನ್ನು ಹತ್ತಿರದಿಂದ ಬಲ್ಲ ಒಂದು ಜೀವ ಹಾಗೆ ಚಿತೆಯಲ್ಲಿ ಹೋಯ್ತು. ಅಪ್ಪಾ ಸಾಹೇಬ್ ಬಂದ, ಗದ್ದಿಗೆ ಏರಿದ. ಊರಲ್ಲಿ ಪಿಸುಮಾತು ಇತ್ತು. ಕಂಪನಿ ಹೊಸ ರಾಜನನ್ನು ಒಪ್ಪಿಕೊಂಡಿತು.

ಇಷ್ಟನ್ನು ಪಕ್ಕಕ್ಕೆ ಇಟ್ಟು, ಇಂಗ್ಲಿಷಿನ ಮೊದಲ ಗೋಥಿಕ್ ಕಾದಂಬರಿ ಅಂತ ಕರೆಯೋ ಹೊರೇಸ್ ವಾಲ್ಪೋಲ್‌ನ "ದಿ ಕ್ಯಾಸಲ್ ಆಫ್ ಒಟ್ರಾಂಟೊ" ನೋಡಿ. 1764ರದ್ದು. ಒಬ್ಬ ದೊರೆ, ಅವನ ಅಜ್ಜ ನಿಜವಾದ ರಾಜನಿಗೆ ವಿಷ ಹಾಕಿ ಸಿಂಹಾಸನ ಕದ್ದಿರುತ್ತಾನೆ. ದೊರೆಯ ರೋಗಿಷ್ಠ ಮಗ ಮದುವೆಯ ದಿನವೇ ಆಕಾಶದಿಂದ ಬಿದ್ದ ದೈತ್ಯ ಶಿರಸ್ತ್ರಾಣದಡಿ ಸಿಕ್ಕಿ ಅಪ್ಪಚ್ಚಿ ಆಗ್ತಾನೆ. ಸತ್ತ ರಾಜನ ಭೂತ ಕೋಟೆಗಿಂತ ದೊಡ್ಡದಾಗಿ ಬೆಳೆದು ಗೋಡೆ ಒಡೆಯುತ್ತೆ. ಓದಿದರೆ ಇವತ್ತು ಸ್ವಲ್ಪ ನಗು ಬರುತ್ತೆ, ನಿಜ ಹೇಳ್ತೀನಿ. ಆದರೆ ಅದರ ಮೂಳೆ ಗಟ್ಟಿ: ಕದ್ದ ಸಿಂಹಾಸನ, ರೋಗಿಷ್ಠ ವಾರಸುದಾರ, ಮನೆಯೊಳಗೇ ಹೂತಿಟ್ಟ ಕೊಲೆ. ಇನ್ನೊಂದು ಸ್ವಾರಸ್ಯ ಏನಂದ್ರೆ, ವಾಲ್ಪೋಲ್ ಮೊದಲ ಮುದ್ರಣದಲ್ಲಿ ತನ್ನ ಹೆಸರು ಹಾಕಲಿಲ್ಲ. ಹಳೇ ಇಟಾಲಿಯನ್ ಪುಸ್ತಕದ ಅನುವಾದ ಅಂತ ಸುಳ್ಳು ಹೇಳಿದ. ಭಯದ ಕಥೆಗೆ ಒಂದು "ದಾಖಲೆ" ಬೇಕು, ಯಾರೋ ಕಂಡೆ ಅಂದಿರಬೇಕು. ಆಗಲೇ ಓದುಗ ನಂಬೋದು.

ನಾಗಪುರದ ಕಥೆಗೂ ದಾಖಲೆ ಬೇಕಾಗಿತ್ತು. ಅದು ಸಿಕ್ಕಿದ್ದು ಒಂದು ವರ್ಷ ತಡವಾಗಿ.

ಅಷ್ಟರಲ್ಲಿ ಏನಾಯ್ತು ಅಂತ ಬೇಗ ಹೇಳ್ತೀನಿ, ಯುದ್ಧದ ವಿವರ ಇನ್ನೊಂದು ದಿನಕ್ಕೆ. ರಾಜನಾದ ಮೇಲೆ ಅಪ್ಪಾ ಸಾಹೇಬನಿಗೆ ಕಂಪನಿಯ ಕೊರಳಪಟ್ಟಿ ಬಿಗಿಯಾಯ್ತು. ಪುಣೆಯ ಪೇಶ್ವೆ ಎರಡನೇ ಬಾಜೀರಾಯನ ಜೊತೆ ಗುಟ್ಟಿನ ಮಾತುಕತೆ ನಡೆಸಿದ. 1817ರ ನವೆಂಬರ್ 26ರ ಸಂಜೆ ಸೀತಾಬರ್ಡಿ ಗುಡ್ಡದಲ್ಲಿ ಗುಂಡು ಹಾರಿತು. ಜೆಂಕಿನ್ಸ್ ಕಡೆ ಸಾವಿರದ ಮುನ್ನೂರು ಚಿಲ್ಲರೆ ಜನ, ನಾಗಪುರದ ಕಡೆ ಅದರ ಹತ್ತು ಪಟ್ಟಿಗೂ ಹೆಚ್ಚು, ಅದರಲ್ಲಿ ಹೆಸರಾದ ಅರಬ್ ಪಡೆ. ಮರುದಿನ ಮಧ್ಯಾಹ್ನದ ಹೊತ್ತಿಗೆ ಗೆದ್ದದ್ದು ಸಣ್ಣ ಪಡೆ. ಇದೇ ಯುದ್ಧದ ಇನ್ನೊಂದು ತುದಿಯಲ್ಲಿ, 1818ರಲ್ಲಿ, ಥಾಮಸ್ ಮನ್ರೋ ಬಾದಾಮಿ, ಬೆಳಗಾವಿ ಕೋಟೆಗಳನ್ನು ತೆಗೆದುಕೊಂಡ. ನಿಮ್ಮ ಮನೆ ಧಾರವಾಡ ಬೆಳಗಾವಿ ಕಡೆ ಆಗಿದ್ದರೆ, ನಿಮ್ಮ ಊರೂ ನಾಗಪುರವೂ ಕಂಪನಿಯ ಹಿಡಿತಕ್ಕೆ ಸಿಕ್ಕಿದ್ದು ಒಂದೇ ಬೀಸಿನಲ್ಲಿ.

ಅಪ್ಪಾ ಸಾಹೇಬ್ ಡಿಸೆಂಬರ್‌ನಲ್ಲಿ ಶರಣಾದ, ಜನವರಿಯಲ್ಲಿ ಷರತ್ತಿನ ಮೇಲೆ ಮತ್ತೆ ಗದ್ದಿಗೆ ಸಿಕ್ಕಿತು, ಮಾರ್ಚ್ 1818ರಲ್ಲಿ ಮತ್ತೆ ಪಿತೂರಿ ಅಂತ ಸೆರೆ ಆದ. ಪರಸೋಜಿಯ ಕೊಲೆಯ ಸಾಕ್ಷ್ಯ ಜೆಂಕಿನ್ಸ್ ಕೈಗೆ ಪೂರ್ತಿಯಾಗಿ ಬಂದದ್ದು ಈ ಹೊತ್ತಿನಲ್ಲಿ. ಕತ್ತು ಹಿಸುಕಿ ಕೊಂದರು, ಮಾಡಿಸಿದ್ದು ಚಂದಾದಲ್ಲಿ ಕೂತಿದ್ದ ಅಪ್ಪಾ ಸಾಹೇಬ್ ಅಂತ.

ನನಗೆ ಅನ್ನಿಸೋದನ್ನ ಹೇಳ್ತೀನಿ. ಕೊಲೆ ನಡೆದಿರೋದು ನಿಜ ಅಂತಲೇ ನನ್ನ ನಂಬಿಕೆ. ಲಾಭ ಯಾರಿಗೆ, ಅಡ್ಡಿ ಯಾರು, ಧರ್ಮಾಜಿಗೆ ಏನಾಯ್ತು, ಎಲ್ಲಾ ನೋಡಿದರೆ ಬೇರೆ ಯೋಚಿಸೋದು ಕಷ್ಟ. ನನ್ನ ತಕರಾರು ಕೊಲೆಯ ಬಗ್ಗೆ ಅಲ್ಲ, ನಂಬಿಕೆ ಹುಟ್ಟಿದ ತಾರೀಖಿನ ಬಗ್ಗೆ. 1817ರಲ್ಲಿ ಅಪ್ಪಾ ಸಾಹೇಬ್ ಮಿತ್ರ. ಆಗ ಪರಸೋಜಿಯದು ಬರೀ ಸಾವು. 1818ರಲ್ಲಿ ಅವನು ಶತ್ರು. ಈಗ ಅದೇ ಸಾವು ಕೊಲೆ. ಹೆಣ ಅದೇ, ಕೋಣೆ ಅದೇ. ಹೇಳೋಕೆ ಮುಂದೆ ಬಂದ ಅರಮನೆಯ ಜನಕ್ಕೂ ಈಗ ಧೈರ್ಯ ಬಂದಿತ್ತು, ಯಾಕಂದ್ರೆ ಗಾಳಿ ಬಾಕಾಬಾಯಿ ಕಡೆ ತಿರುಗಿತ್ತು. ಅವಳಿಗೂ ತನ್ನ ಲೆಕ್ಕ ಇತ್ತು. ಮುಂದೆ ರಘೂಜಿಯ ಮಗಳ ಮಗನನ್ನು, ಪುಟ್ಟ ಹುಡುಗನನ್ನು, ಮೂರನೇ ರಘೂಜಿ ಅಂತ ಕೂರಿಸಿದಾಗ ಅರಮನೆಯ ಯಜಮಾನಿಕೆ ಸಿಕ್ಕಿದ್ದು ಅವಳಿಗೇ.

ಇನ್ನು ಪರಸೋಜಿಯ "ಹುಚ್ಚು". ಯೋಚನೆ ಮಾಡಿ: ಅವನು ಕುರುಡ, ಪಾರ್ಶ್ವವಾಯು ಪೀಡಿತ, ಆದರೆ ಬುದ್ಧಿ ಸರಿ ಇದೆ ಅಂತ ಇಟ್ಟುಕೊಂಡರೆ, 1816ರ ಒಪ್ಪಂದಕ್ಕೆ ಅಪ್ಪಾ ಸಾಹೇಬ್ ಸಹಿ ಹಾಕೋಕೆ ಏನು ಅಧಿಕಾರ? ಆ ಕಾಗದ ನಿಲ್ಲಬೇಕಾದರೆ ಪರಸೋಜಿ ಅಸಮರ್ಥ ಆಗಿರಲೇಬೇಕು. ಬಾಕಾಬಾಯಿಗೂ ಅವನ ಹೆಸರಲ್ಲಿ ಆಳಬೇಕಾದರೆ ಅವನು ಅಸಮರ್ಥ ಆಗಿರಬೇಕು. ಅವನ ಸುತ್ತ ಇದ್ದ ಪ್ರತಿಯೊಬ್ಬರಿಗೂ ಅವನ ಬುದ್ಧಿ ಕೆಟ್ಟಿರೋದು ಅನುಕೂಲ. ಕೆಟ್ಟಿರಲಿಲ್ಲ ಅಂತ ನಾನು ಹೇಳ್ತಿಲ್ಲ. ಅವನ ಬಾಯಿಂದ ಬಂದ ಒಂದು ಮಾತೂ ನಾನು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಅಷ್ಟೇ. ಯಾರು ಹುಚ್ಚ, ಅದನ್ನು ಯಾರು ತೀರ್ಮಾನಿಸಬೇಕು ಅನ್ನೋದಕ್ಕೆ ಕಂಪನಿ ಸರ್ಕಾರ ನೆಟ್ಟಗೆ ಕಾಯ್ದೆ ಬರೆದದ್ದು 1858ರಲ್ಲಿ. ಅದೂ ಸಾಮಾನ್ಯ ಪ್ರಜೆಗಳಿಗೆ.

ಪೋ ಕಥೆಗಳ ಗಮ್ಮತ್ತು ಇಲ್ಲೇ ಇರೋದು. 1843ರ "ದಿ ಟೆಲ್-ಟೇಲ್ ಹಾರ್ಟ್" ನೆನಪಿದೆಯಾ? ಒಬ್ಬ ಮುದುಕನ ಕಣ್ಣು ಕಂಡರೆ ಆಗಲ್ಲ ಅಂತ ರಾತ್ರಿ ಹೊತ್ತು ಹಾಸಿಗೆಯಲ್ಲೇ ಕೊಂದು, ನೆಲದ ಹಲಗೆ ಕೆಳಗೆ ಹೂತು, ಆಮೇಲೆ ನಾನು ಹುಚ್ಚ ಅಲ್ಲ ಅಂತ ನಮಗೆ ವಾದ ಮಾಡೋ ಕೊಲೆಗಾರ. ಅಲ್ಲಿ ಹುಚ್ಚು ಇರೋದು ಹೇಳುವವನ ತಲೆಯಲ್ಲಿ, ಸತ್ತವನದ್ದಲ್ಲ. ನಾಗಪುರದಲ್ಲಿ ತಿರುಗು ಮುರುಗು: ಸತ್ತವನಿಗೆ ಹುಚ್ಚನ ಪಟ್ಟ, ಹೇಳುವವರೆಲ್ಲ ಬಹಳ ಬುದ್ಧಿವಂತರು.

ಸೆರೆಯಾದ ಅಪ್ಪಾ ಸಾಹೇಬನನ್ನು ಕಾವಲಿನಲ್ಲಿ ಅಲಹಾಬಾದ್ ಕಡೆಗೆ ಕಳಿಸಿದರು. ಮೇ 1818ರ ಒಂದು ರಾತ್ರಿ, ಜಬಲ್‌ಪುರದ ಕಡೆಯ ಬಿಡಾರದಲ್ಲಿ, ಕಾವಲಿನ ಕೆಲವು ಸಿಪಾಯಿಗಳೇ ಅವನ ಪಕ್ಷಕ್ಕೆ ಬಂದಿದ್ದರು. ಸಿಪಾಯಿಯ ಸಮವಸ್ತ್ರ ಹಾಕಿಕೊಂಡು ಹೊರಗೆ ನಡೆದುಹೋದ. ಹಾಸಿಗೆಯಲ್ಲಿ ಅವನ ಜಾಗಕ್ಕೆ ಇಟ್ಟಿದ್ದು ದಿಂಬು. ಪರಸೋಜಿಯ ಹಾಸಿಗೆಯಲ್ಲಿ ಹೆಣ, ಇವನ ಹಾಸಿಗೆಯಲ್ಲಿ ದಿಂಬು. ಕಥೆಗಾರ ಹೀಗೆ ಬರೆದಿದ್ದರೆ ಸ್ವಲ್ಪ ಅತಿಯಾಯ್ತು ಅನ್ನುತ್ತಿದ್ದೆ!

ಮಹಾದೇವ ಬೆಟ್ಟಗಳಲ್ಲಿ, ಅಂದ್ರೆ ಇವತ್ತು ನೀವು ವೀಕೆಂಡ್‌ಗೆ ಹೋಗೋ ಪಚ್‌ಮಢಿ ಸುತ್ತ, ಗೊಂಡರ ನಡುವೆ ಅಡಗಿದ. ಅಲ್ಲಿಂದ ಅಸೀರ್‌ಗಢ, ಮುಂದೆ ಪಂಜಾಬ್, ಹಿಮಾಲಯದ ತಪ್ಪಲು, ಕೊನೆಗೆ ಜೋಧಪುರ. ಅಲ್ಲಿನ ರಾಜ ಮಾನ್‌ಸಿಂಗ್ ಅವನನ್ನು ಮಹಾಮಂದಿರ ಅನ್ನೋ ನಾಥಪಂಥದ ದೇವಾಲಯದಲ್ಲಿ ಇಟ್ಟು ಕಾಪಾಡಿದ, ಕಂಪನಿ ಕೇಳಿದರೂ ಬಿಟ್ಟುಕೊಡಲಿಲ್ಲ. ಈ ಮಾನ್‌ಸಿಂಗ್ ಯಾರು ಗೊತ್ತಾ? 1815ರಲ್ಲಿ ತನ್ನ ಗುರು ದೇವನಾಥ ಕೊಲೆಯಾದ ಮೇಲೆ ವರ್ಷಗಟ್ಟಲೆ ಮೂಲೆ ಹಿಡಿದು ಹುಚ್ಚನ ಹಾಗೆ ಇದ್ದವನು. ಅದು ಜೀವ ಉಳಿಸಿಕೊಳ್ಳೋ ನಾಟಕ ಅಂತ ಬರೆದವರು ಬಹಳ. ಹುಚ್ಚ ಅನಿಸಿಕೊಂಡವನನ್ನು ಕೊಲ್ಲಿಸಿದವನಿಗೆ, ಹುಚ್ಚನಾಗಿ ನಟಿಸಿ ಬದುಕಿದವನ ಆಶ್ರಯ. ಅಪ್ಪಾ ಸಾಹೇಬ್ 1840ರಲ್ಲಿ ಅಲ್ಲೇ ತೀರಿಕೊಂಡ.

ಬಾಕಾಬಾಯಿ ಅವನಿಗಿಂತ ಹೆಚ್ಚು ಕಾಲ ಬದುಕಿದಳು. 1853ರ ಡಿಸೆಂಬರ್‌ನಲ್ಲಿ ಮೂರನೇ ರಘೂಜಿ ಮಕ್ಕಳಿಲ್ಲದೆ ಸತ್ತಾಗ ಡಾಲ್‌ಹೌಸಿ ರಾಜ್ಯವನ್ನೇ ನುಂಗಿದ್ದನ್ನು ನೋಡಿದಳು. ಅರಮನೆಯ ಆನೆ, ಕುದುರೆ, ಎತ್ತುಗಳು ಹರಾಜಾಗಿದ್ದನ್ನು, ಒಡವೆಗಳು ಕಲ್ಕತ್ತೆಗೆ ಹೋದದ್ದನ್ನು ನೋಡಿದಳು. 1858ರಲ್ಲಿ ಹೋದಳು. ಅವಳ ಬಗ್ಗೆ ಯಾರಾದರೂ ಕನ್ನಡದಲ್ಲಿ ಒಂದು ಕಾದಂಬರಿ ಬರೆಯಬೇಕು ಅನ್ನೋದು ನನ್ನ ಹಳೇ ಆಸೆ.

ಸರಿ, ಈಗ ಅರಮನೆಯಿಂದ ರಸ್ತೆಗೆ ಬರೋಣ.

ಬೆಂಗಳೂರಿಂದ ನಾಗಪುರಕ್ಕೆ ಕಾರಲ್ಲಿ ಹೋದವರಿಗೆ ಗೊತ್ತು, ಹೆಬ್ಬಾಳ ದಾಟಿದರೆ ಹೆದ್ದಾರಿ 44. ಅನಂತಪುರ, ಕರ್ನೂಲು, ಹೈದರಾಬಾದ್, ಆದಿಲಾಬಾದ್, ನಾಗಪುರ. ಸುಮಾರು 1,100 ಕಿಲೋಮೀಟರ್. ಅದೇ ರಸ್ತೆ ಮುಂದೆ ಸಿವನಿ, ಲಖನಾದೋನ್ ಕಡೆ ಹೋಗುತ್ತೆ. ಜಬಲ್‌ಪುರದ ಹಾದಿ ಅಲ್ಲಿಂದ. ಪೇಂಚ್ ಕಾಡಿನಲ್ಲಿ ಹುಲಿ ದಾಟಲಿ ಅಂತ ರಸ್ತೆಯನ್ನೇ ಎತ್ತರಿಸಿದ್ದಾರೆ, ಕಿಪ್ಲಿಂಗ್‌ನ ಮೌಗ್ಲಿಯ ಕಾಡು ಅದು. ಇನ್ನೂರು ವರ್ಷದ ಹಿಂದೆ ಈ ದಾರಿಯ ಭಯ ಹುಲಿಯದ್ದಲ್ಲ. ಜೊತೆಗೆ ನಡೆದು ಬರೋ ಸಭ್ಯ ಪ್ರಯಾಣಿಕರದ್ದು.

ಥಗ್ಗರು. ಈ ಪದ ಹಿಂದಿ ಮೂಲಕ ಇಂಗ್ಲಿಷಿಗೆ ಹೋಯ್ತು, ಆದರೆ ಇಂಗ್ಲಿಷರಿಗೆ ಇವರ ಸುಳಿವು ಮೊದಲು ಸಿಕ್ಕಿದ ಜಾಗಗಳಲ್ಲಿ ನಮ್ಮ ಬೆಂಗಳೂರೂ ಒಂದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬೆಂಗಳೂರಿನ ಹತ್ತಿರ ನೂರರಷ್ಟು ಜನರನ್ನು ಹಿಡಿದಿದ್ದರು. ಮದರಾಸಿನ ವೈದ್ಯ ರಿಚರ್ಡ್ ಶೆರ್‌ವುಡ್ 1816ರಲ್ಲಿ ಇವರ ಬಗ್ಗೆ ಬರೆದ ಲೇಖನದಲ್ಲಿ ಫಾನ್ಸಿಗಾರ್ ಅನ್ನೋ ಹೆಸರಿನ ಜೊತೆ ಕನ್ನಡದ ಹೆಸರನ್ನೂ ಕೊಟ್ಟಿದ್ದಾನೆ: ತಂತಿ ಕಳ್ಳರು. ಉರುಲಿನ ತಂತಿ. ನಮ್ಮ ಭಾಷೆಯಲ್ಲಿ ಇವರಿಗೆ ಹೆಸರಿತ್ತು ಅಂದ್ರೆ ನಮ್ಮ ದಾರಿಗಳಲ್ಲೂ ಇದ್ದರು ಅಂತ ಅರ್ಥ.

ಜಬಲ್‌ಪುರದಲ್ಲಿ ಕೂತು ಇವರನ್ನು ಬೇಟೆಯಾಡಿದವನು ವಿಲಿಯಂ ಸ್ಲೀಮನ್. 1836ರಲ್ಲಿ ಅವನು ಪ್ರಕಟಿಸಿದ "ರಮಾಸೀಯಾನ" ಪುಸ್ತಕ ಥಗ್ಗರ ಗುಪ್ತ ಭಾಷೆಯ ನಿಘಂಟು, ಜೊತೆಗೆ ಮಾಫಿ ಸಾಕ್ಷಿಗಳ ಜೊತೆ ಅವನು ನಡೆಸಿದ ಸಂಭಾಷಣೆಗಳು. ಅದರಲ್ಲಿ ಒಂದು ಪ್ರಸಂಗ ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಬಂದೆ ಅಲಿ ಅನ್ನೋ ಮುನ್ಶಿ, ಜಾಲ್ನಾದ ಇಂಗ್ಲಿಷ್ ಸೇನಾಪತಿಯ ಹತ್ತಿರ ಕೆಲಸದಲ್ಲಿದ್ದವನು, ಮಗಳ ಮದುವೆಗೆ ಅಂತ ಹೆಂಡತಿ ಮಕ್ಕಳ ಜೊತೆ ಊರಿಗೆ ಹೊರಟಿದ್ದ. ದಾರಿಯಲ್ಲಿ ಒಳ್ಳೆಯ ಮಾತಿನ ಜೊತೆಗಾರರು ಸಿಕ್ಕರು. ಲಖನಾದೋನ್ ಹತ್ತಿರ ಎಲ್ಲರನ್ನೂ ಕೊಂದರು. ಹಸುಗೂಸೊಂದನ್ನು ಜೀವಂತವಾಗಿ ಹಳ್ಳಕ್ಕೆ ಎಸೆದು ಮಣ್ಣು ಮುಚ್ಚಿದರು. ಇದನ್ನು ಹೇಳಿದವರು ಅಲ್ಲೇ ಇದ್ದ ಥಗ್ಗರು. ಮುನ್ಶಿಯೂ ನಮ್ಮ ಹಾಗೆ ಕೆಲಸಕ್ಕೆ ಅಂತ ಊರು ಬಿಟ್ಟವನು, ರಜೆಗೆ ಊರಿಗೆ ಹೊರಟಿದ್ದವನು. ಆ ತಿರುವಿನಲ್ಲಿ ಈಗ ಟೋಲ್ ರಸ್ತೆ, ಢಾಬಾ.

ಥಗ್ಗರು ಕಾಳಿಗೆ ಬಲಿ ಕೊಡೋ ಅಖಿಲ ಭಾರತ ಗುಪ್ತ ಪಂಥ ಅಂತ ಸ್ಲೀಮನ್ ನಂಬಿದ. ಇವತ್ತಿನ ಇತಿಹಾಸಕಾರರು ಇದನ್ನು ಹಾಗೇ ಒಪ್ಪಲ್ಲ. ರಾಧಿಕಾ ಸಿಂಘ ಕಾನೂನಿನ ಕಡೆಯಿಂದ ಪ್ರಶ್ನೆ ಕೇಳಿದರು: 1836ರ ಕಾಯ್ದೆ ಪ್ರಕಾರ ಥಗ್ಗರ ಗುಂಪಿಗೆ ಸೇರಿದ್ದ ಅಂತ ತೋರಿಸಿದರೆ ಸಾಕು, ಜೀವಾವಧಿ, ಯಾವ ಕೊಲೆ ಅಂತ ಹೇಳಬೇಕಾಗಿಯೇ ಇಲ್ಲ. ಕಿಮ್ ವ್ಯಾಗ್ನರ್ 2007ರ ಪುಸ್ತಕದಲ್ಲಿ ಮಧ್ಯದ ದಾರಿ ಹಿಡಿದರು: ಕೊಲೆಗಳು ನಿಜ, ಗುಂಪುಗಳು ನಿಜ, ಪಂಥದ ಕಥೆ ಉಬ್ಬಿಸಿದ್ದು. ನನಗೂ ಅದೇ ಸರಿ ಅನ್ನಿಸುತ್ತೆ. ತಲೆ ಉಳಿಸಿಕೊಳ್ಳೋಕೆ ಸಾಹೇಬನಿಗೆ ಬೇಕಾದ ಕಥೆಯನ್ನೇ ಹೇಳೋ ಸಾಕ್ಷಿಯ ಮಾತನ್ನು ಎಷ್ಟು ನಂಬೋದು? ಆದರೆ ಆ ಮಗುವಿನ ವಿಷಯ ಸಾಹೇಬನನ್ನು ಮೆಚ್ಚಿಸೋಕೆ ಕಟ್ಟಿದ ಮಾತು ಅಂತ ನನಗೆ ಅನ್ನಿಸಲಿಲ್ಲ.

ಇದನ್ನೆಲ್ಲ ಕಾದಂಬರಿ ಮಾಡಿದವನು ನಮ್ಮವನೇ ಅನ್ನಬಹುದು, ಫಿಲಿಪ್ ಮೆಡೋಸ್ ಟೇಲರ್. ಲಿವರ್‌ಪೂಲ್‌ನಲ್ಲಿ ಹುಟ್ಟಿ, 1824ರಲ್ಲಿ ವ್ಯಾಪಾರದ ಗುಮಾಸ್ತನಾಗಿ ಮುಂಬಯಿಗೆ ಬಂದ ಹುಡುಗ; ಆಮೇಲೆ ನಿಜಾಮನ ನೌಕರಿ. 1839ರಲ್ಲಿ ಲಂಡನ್ನಿನಲ್ಲಿ ಬಂದ ಅವನ "ಕನ್ಫೆಷನ್ಸ್ ಆಫ್ ಎ ಥಗ್" ಎಷ್ಟು ಓಡಿತು ಅಂದ್ರೆ, ವಿಕ್ಟೋರಿಯಾ ರಾಣಿ ಅಚ್ಚಿಗೆ ಮೊದಲೇ ಹಾಳೆಗಳನ್ನು ತರಿಸಿಕೊಂಡು ಓದಿದಳು. ಅದೇ ವರ್ಷ ಅಮೆರಿಕದಲ್ಲಿ ಪೋ "ದಿ ಫಾಲ್ ಆಫ್ ದಿ ಹೌಸ್ ಆಫ್ ಅಶರ್" ಪ್ರಕಟಿಸಿದ. ಟೇಲರ್‌ನ ನಾಯಕ ಅಮೀರ್ ಅಲಿ, 719 ಕೊಲೆಗಳಲ್ಲಿ ಕೈ ಇರೋ ಕೈದಿ, ಸಾಹೇಬನ ಎದುರು ಕೂತು ಆರಾಮಾಗಿ ಕಥೆ ಹೇಳ್ತಾನೆ. ಪಶ್ಚಾತ್ತಾಪ ಇಲ್ಲ, ಜೈಲು ಸೇರದಿದ್ದರೆ ಸಾವಿರ ಮುಟ್ಟುತ್ತಿದ್ದೆ ಅನ್ನೋ ಸಣ್ಣ ಬೇಸರ. ನಮಗೆ ಭಯ ಆಗೋದು ಅವನು ಕ್ರೂರ ಅಂತಲ್ಲ, ಅವನು ಇಷ್ಟ ಆಗ್ತಾನೆ ಅಂತ. ಕೊನೆಗೆ ತಿಳಿಯದೆ ತನ್ನ ಒಡಹುಟ್ಟಿದ ತಂಗಿಯನ್ನೇ ಕೊಂದಿದ್ದ ಅಂತ ಗೊತ್ತಾಗುತ್ತೆ. ಅದು ಗೋಥಿಕ್ ಕಾರ್ಖಾನೆಯ ಮಾಲು, ನನಗೆ ಅಷ್ಟು ಹಿಡಿಸಲಿಲ್ಲ. ಆದರೆ ಆ ಶಾಂತವಾದ ದನಿ, ನಿಜವಾದ ಹೇಳಿಕೆಗಳನ್ನು ಕೇಳಿದ ಕಿವಿಯಿಂದ ಬಂದದ್ದು. ಥಗ್ಗರ ಹೇಳಿಕೆ ಪಡೆಯೋ ಕೆಲಸವನ್ನು ಟೇಲರ್ ಸ್ವತಃ ಮಾಡಿದ್ದ.

ಇದೇ ಟೇಲರ್ 1840ರ ದಶಕದಲ್ಲಿ ಸುರಪುರಕ್ಕೆ ಬಂದ. ಯಾದಗಿರಿ ಕಡೆಯ ಓದುಗರಿಗೆ ಟೇಲರ್ ಮಂಜಿಲ್ ಗೊತ್ತಿರುತ್ತೆ, ಗುಡ್ಡದ ಮೇಲೆ ಈಗಲೂ ಇದೆ. ಬಾಲಕ ರಾಜ ವೆಂಕಟಪ್ಪ ನಾಯಕನ ಪರವಾಗಿ ಸಂಸ್ಥಾನ ನೋಡಿಕೊಂಡ. ಹುಡುಗ ಇವನನ್ನು ಅಪ್ಪಾ ಅಂತಲೇ ಕರೀತಿದ್ದ. ನಾಗಪುರದ ಹಾಗೇ ಇಲ್ಲೂ ಒಬ್ಬ ರಾಣಿ, ಈಶ್ವರಮ್ಮ. ಇಲ್ಲೂ ಹಸ್ತಾಂತರದ ಜಗಳ. 1877ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಟೇಲರ್ ಒಂದು ವಿಚಿತ್ರ ಸಂಗತಿ ಬರೆದಿದ್ದಾನೆ. ರಾಜ ತನ್ನ ಇಪ್ಪತ್ನಾಲ್ಕನೇ ವರ್ಷದಲ್ಲಿ ಸಾಯ್ತಾನೆ ಅಂತ ಜಾತಕದಲ್ಲಿ ಇದೆ ಎಂದು ಅರಮನೆಯ ಬ್ರಾಹ್ಮಣನೊಬ್ಬ ಗುಟ್ಟಾಗಿ ಹೇಳಿದ್ದ. ಟೇಲರ್ ನಕ್ಕು ಬಿಟ್ಟ.

1858ರ ಫೆಬ್ರವರಿಯಲ್ಲಿ ವೆಂಕಟಪ್ಪ ನಾಯಕ ಬಂಡೆದ್ದ, ಸೋತ, ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಟೇಲರ್ ಜೈಲಿನಲ್ಲಿ ಅವನನ್ನು ನೋಡೋಕೆ ಹೋದ. ಮರಣದಂಡನೆ ಆಯ್ತು, ಅದು ಗಡೀಪಾರಿಗೆ ಇಳಿಯಿತು, ಕೊನೆಗೆ ಚೆಂಗಲ್ಪಟ್ಟು ಕೋಟೆಯಲ್ಲಿ ನಾಲ್ಕು ವರ್ಷ ಅಂತ ತೀರ್ಮಾನ ಆಯ್ತು. ಹುಡುಗ ಉಳಿದ, ಜಾತಕ ಸುಳ್ಳಾಯ್ತು ಅಂತ ಟೇಲರ್ ಸಮಾಧಾನ ಪಟ್ಟ. ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ, ಮೊದಲ ಬಿಡಾರದಲ್ಲೇ, ಕಾವಲು ಅಧಿಕಾರಿಯ ರಿವಾಲ್ವರ್‌ನಿಂದ ಒಂದು ಗುಂಡು ಹಾರಿತು. ಇಪ್ಪತ್ನಾಲ್ಕು.

ತಾನೇ ಹೊಡೆದುಕೊಂಡ ಅಂತ ಟೇಲರ್ ಬರೆದ, ಸರ್ಕಾರವೂ ಬರೆಯಿತು. ಟೇಲರ್ ಆ ಬಿಡಾರದಲ್ಲಿ ಇರಲಿಲ್ಲ. ಸುರಪುರದ ಕಡೆ ಕೇಳಿ ನೋಡಿ, ಕೊಂದರು ಅನ್ನೋರು ಇವತ್ತಿಗೂ ಇದ್ದಾರೆ: ಕೈದಿಯ ಕೈಗೆ ಕಾವಲಿನವನ ರಿವಾಲ್ವರ್ ಹೇಗೆ ಬಂತು ಅಂತ ಅವರ ಪ್ರಶ್ನೆ. ಆ ಬಿಡಾರದ ಒಳಗೆ ಇದ್ದವರಲ್ಲಿ ಬದುಕಿ ಉಳಿದು ಕಥೆ ಹೇಳಿದವರು ಒಂದೇ ಕಡೆಯವರು.